ಆಂಪ್ ಯಾರ ಕಿವಿಗೆ ಮುಖ ಮಾಡಿದೆ ನೋಡಿ

ಪಬ್‌ಗಳಲ್ಲಿ ನುಡಿಸುವ ಬ್ಯಾಂಡ್‌ನವರಿಗೆಲ್ಲ ಈ ಜಗಳ ಗೊತ್ತಿರುತ್ತದೆ. ಮುಂದಿನ ಟೇಬಲ್‌ನವರು ಗಿಟಾರ್ ಕಿವಿ ಕೊರೀತಿದೆ ಅಂತಾರೆ. ಮಿಕ್ಸರ್ ಹತ್ತಿರ ನಿಂತ ಸೌಂಡ್ ಎಂಜಿನಿಯರ್ ಕೈಸನ್ನೆಯಲ್ಲೇ ಕಡಿಮೆ ಮಾಡಿ, ಕಡಿಮೆ ಮಾಡಿ ಅಂತ ತೋರಿಸುತ್ತಾರೆ. ಗಿಟಾರ್ ಹಿಡಿದವನು ಮಾತ್ರ "ನನಗೇ ಕೇಳಿಸ್ತಿಲ್ಲ ಗುರು, ಇನ್ನೆಷ್ಟು ಕಡಿಮೆ ಮಾಡ್ಲಿ?" ಅಂತಾನೆ. ಯಾರೂ ಸುಳ್ಳು ಹೇಳುತ್ತಿಲ್ಲ. ಟೇಬಲ್‌ನವರ ಕಿವಿ ನೋಯ್ತಿರೋದೂ ನಿಜ, ಇವನಿಗೆ ಕೇಳಿಸದೆ ಇರೋದೂ ನಿಜ.

ಕಾರಣ ಇರುವುದು ಆಂಪ್, ಅಂದರೆ ಗಿಟಾರ್‌ನ ಸದ್ದು ದೊಡ್ಡದು ಮಾಡುವ ಸ್ಪೀಕರ್ ಪೆಟ್ಟಿಗೆ, ಇಟ್ಟಿರುವ ಜಾಗದಲ್ಲಿ. ಆಂಪ್ ನೆಲದ ಮೇಲಿದೆ, ಅದರ ಸ್ಪೀಕರ್ ಮೊಣಕಾಲಿನ ಮಟ್ಟದಲ್ಲಿದೆ, ಇವನು ಅದರಿಂದ ಮೂರ್ನಾಲ್ಕು ಅಡಿ ಮುಂದೆ ಬೆನ್ನು ಹಾಕಿ ನಿಂತಿದ್ದಾನೆ. ಗಿಟಾರ್ ಆಂಪ್‌ನ 12 ಇಂಚಿನ ಸ್ಪೀಕರ್ ಎಲ್ಲ ಸದ್ದನ್ನೂ ಒಂದೇ ಥರ ಹರಡುವುದಿಲ್ಲ. ಬಾಸ್, ಅಂದರೆ ಕೆಳಗಿನ ದಪ್ಪ ಸದ್ದು, ಸುತ್ತಲೂ ಹರಡುತ್ತದೆ, ಆಂಪ್ ಹಿಂದೆ ನಿಂತರೂ ಕೇಳಿಸುತ್ತದೆ. ಆದರೆ ಸ್ವರ ಮೇಲೇರುತ್ತ ಸುಮಾರು 1000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ದಾಟಿದ ಮೇಲೆ ಶಬ್ದದ ಅಲೆಯ ಉದ್ದ ಸ್ಪೀಕರ್‌ನ ಅಗಲಕ್ಕಿಂತ ಚಿಕ್ಕದಾಗುತ್ತ ಹೋಗುತ್ತದೆ, ಆಗ ಸದ್ದು ಟಾರ್ಚ್ ಬೆಳಕಿನ ಹಾಗೆ ನೇರ ಮುಂದಕ್ಕೆ ಹೋಗುತ್ತದೆ. ಗಿಟಾರ್‌ನ ಕಚ್ಚುವ ಗುಣ, ಪಿಕ್ ತಂತಿಗೆ ತಾಗುವ ಸದ್ದು, ಡಿಸ್ಟಾರ್ಶನ್‌ನ (ಬೇಕೆಂದೇ ಒರಟು ಮಾಡಿದ ಸದ್ದಿನ) ಚುರುಕು, ಇವೆಲ್ಲ ಇರುವುದು 2000ದಿಂದ 4000 ಹರ್ಟ್ಸ್ ಆಸುಪಾಸಿನಲ್ಲಿ. ಅದೆಲ್ಲ ಅವನ ಕಾಲುಗಳ ನಡುವೆ ಹಾದು ಸೀದಾ ಮುಂದಿನ ಟೇಬಲ್‌ನಲ್ಲಿ ಕೂತವರ ಮುಖಕ್ಕೆ ಹೋಗುತ್ತಿದೆ. ಅವನ ಕಿವಿಗೆ ಬರುವುದು ಮಂದವಾದ, ಗುಂಯ್ ಅನ್ನುವ ಸದ್ದು ಮಾತ್ರ. ಹಾಗಾಗಿ ಅವನು ಚೂಪು ಸದ್ದಿನ ನಾಬ್‌ಗಳಾದ ಟ್ರೆಬಲ್ ಏರಿಸುತ್ತಾನೆ, ಪ್ರೆಸೆನ್ಸ್ ಏರಿಸುತ್ತಾನೆ, ಅದೂ ಸಾಲದೆ ವಾಲ್ಯೂಮ್ ಏರಿಸುತ್ತಾನೆ, ಏರಿಸಿದ ಅಷ್ಟೂ ಹೋಗಿ ಬೀಳುವುದು ಆ ಟೇಬಲ್‌ನವರ ಮೇಲೆ.

ನಂಬಿಕೆ ಬರದಿದ್ದರೆ ಜ್ಯಾಮ್ ರೂಮ್‌ನಲ್ಲಿ ಮಾಡಿ ನೋಡಿ. ನಿಂತುಕೊಂಡೇ ನಿಮ್ಮ ಇಷ್ಟದ ಟೋನ್ ಸೆಟ್ ಮಾಡಿ. ಆಮೇಲೆ ಒಂದು ಪವರ್ ಕಾರ್ಡ್ ಹೊಡೆದು, ಅದು ಮೊಳಗುತ್ತಿರುವಾಗಲೇ ಮಂಡಿಯೂರಿ ಕೂತು ಕಿವಿಯನ್ನು ಸ್ಪೀಕರ್‌ನ ಎತ್ತರಕ್ಕೆ ತನ್ನಿ, ಒಂದೆರಡು ಮೀಟರ್ ದೂರದಲ್ಲಿ. ತಲೆ ಸ್ಪೀಕರ್‌ನ ನೇರಕ್ಕೆ ಬರುತ್ತಿದ್ದ ಹಾಗೆ ಮರಳು ಕಾಗದ ಉಜ್ಜಿದಂಥ ಒಂದು ಸದ್ದು ಧುತ್ ಅಂತ ಎದುರಾಗುತ್ತದೆ. ತಲೆಯನ್ನು ಒಂದಡಿ ಪಕ್ಕಕ್ಕೆ ಸರಿಸಿ, ಅದು ಮಾಯ. ಮತ್ತೆ ನೇರಕ್ಕೆ ತನ್ನಿ, ಮತ್ತೆ ಬರುತ್ತದೆ. ನಿಮ್ಮ ಆಂಪ್‌ನಿಂದ ನಿಜವಾಗಿ ಹೊರಗೆ ಹೋಗುತ್ತಿರುವುದು ಇದೇ. ಎದುರಿಗಿಟ್ಟ ಮೈಕ್‌ಗೆ ಸಿಗುವುದೂ ಇದೇ.

ಪರಿಹಾರಕ್ಕೆ ದುಡ್ಡು ಬೇಕಿಲ್ಲ. ಆಂಪನ್ನು ಹಿಂದಕ್ಕೆ ವಾಲಿಸಿ, ಸ್ಪೀಕರ್ ನಿಮ್ಮ ತಲೆಯ ಕಡೆ ನೋಡುವ ಹಾಗೆ. ಹಳೇ ಫೆಂಡರ್ ಟ್ವಿನ್ ರಿವರ್ಬ್ ಆಂಪ್‌ನ ಎರಡೂ ಬದಿಗೆ ಕಬ್ಬಿಣದ ಮಡಚು ಕಾಲುಗಳು ಇರುತ್ತಿದ್ದವು, ಅವು ಇದ್ದದ್ದೇ ಇದಕ್ಕೆ. ನಮಗೆ ಸಿಗುವ ಆಂಪ್‌ಗಳಲ್ಲಿ ಆ ಕಾಲು ಇರುವುದಿಲ್ಲ, ಹಾಗಾಗಿ ಒಂದು ಮಡಚುವ ಸ್ಟ್ಯಾಂಡ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ಪಬ್‌ನವರ ಹತ್ತಿರ ಖಾಲಿ ಬಾಟಲಿ ಕ್ರೇಟ್ ಕೇಳಿ. ಗೋಡೆಗೆ ಒರಗಿಸಿದರೂ ಆದೀತು, ಆದರೆ ಕೆಳಗೆ ಜಾರದ ಹಾಗೆ ಒಂದು ರಬ್ಬರ್ ಮ್ಯಾಟ್ ಹಾಕಿ, ಗಾಜಿನ ವಾಲ್ವ್ ಇರುವ ಆಂಪ್ ಬಿದ್ದರೆ ಆ ರಾತ್ರಿಯ ಕಥೆ ಮುಗಿದ ಹಾಗೆ. ಎತ್ತರಕ್ಕೆ ಏರಿಸಿದಾಗ ಇನ್ನೊಂದು ಲಾಭವೂ ಇದೆ. ಪಬ್‌ಗಳ ಸ್ಟೇಜ್ ಅಂದರೆ ಹೆಚ್ಚಾಗಿ ಪ್ಲೈವುಡ್ ಹೊಡೆದ ಟೊಳ್ಳು ಪೆಟ್ಟಿಗೆ, ಅದರ ಮೇಲೆ ಆಂಪ್ ಇಟ್ಟರೆ ಸ್ಟೇಜೇ ಗುಂಯ್‌ಗುಡುತ್ತದೆ. ಮೂಲೆಯಲ್ಲಿ ಇಟ್ಟರಂತೂ ಎರಡು ಗೋಡೆ ಮತ್ತು ನೆಲ ಸೇರಿ ಬಾಸನ್ನು ಇನ್ನೂ ಉಬ್ಬಿಸುತ್ತವೆ.

ಇನ್ನೂ ಒಳ್ಳೆಯದು ಅಂದರೆ ಆಂಪನ್ನು ಸ್ಟೇಜ್‌ನ ಒಂದು ಬದಿಯಲ್ಲಿಟ್ಟು, ಜನರ ಕಡೆ ಬಿಟ್ಟು ಸ್ಟೇಜ್‌ಗೆ ಅಡ್ಡಲಾಗಿ ತಿರುಗಿಸುವುದು. ನಿಮಗೆ ಕೇಳಿಸುತ್ತದೆ, ಆಚೆ ಬದಿಯ ಬಾಸ್ ಪ್ಲೇಯರ್‌ಗೂ ಕೇಳಿಸುತ್ತದೆ, ಟೇಬಲ್‌ನವರು ಆರಾಮಾಗಿ ಊಟ ಮಾಡುತ್ತಾರೆ. ಒಂದೇ ಎಚ್ಚರ, ಹಾಡುವವರ ಮೈಕ್ ಆ ನೇರದಲ್ಲಿ ಇರಬಾರದು. ಇದ್ದರೆ ಅವರು ಬಾಯಿ ಮುಚ್ಚಿದಾಗಲೆಲ್ಲ ಆ ಮೈಕ್‌ನಿಂದ ನಿಮ್ಮ ಗಿಟಾರೇ ಪಿಎಗೆ (ಜನರ ಕಡೆಗಿರುವ ದೊಡ್ಡ ಸ್ಪೀಕರ್‌ಗಳಿಗೆ) ಹೋಗುತ್ತದೆ, ಎಂಜಿನಿಯರ್ ಹಾಡನ್ನು ಏರಿಸಿದಷ್ಟೂ ಗಿಟಾರೂ ಏರುತ್ತದೆ.

ಆಂಪ್ ಕಿವಿಗೆ ಮುಖ ಮಾಡಿದ ಮೊದಲ ನಿಮಿಷದಲ್ಲೇ ಏನಾಗುತ್ತದೆ ಅಂದರೆ, ಯಾರೂ ಹೇಳದೆಯೇ ನುಡಿಸುವವನ ಕೈ ಟ್ರೆಬಲ್ ನಾಬ್‌ಗೆ ಹೋಗುತ್ತದೆ. ಆಮೇಲೆ ವಾಲ್ಯೂಮ್‌ಗೆ. ಅದಕ್ಕೇ ನಾನು ಇದನ್ನು ಪೆಡಲ್ (ಕಾಲಲ್ಲಿ ಒತ್ತಿ ಸದ್ದು ಬದಲಿಸುವ ಪೆಟ್ಟಿಗೆ), ಪಿಕಪ್, ಸ್ಪೀಕರ್ ಎಲ್ಲಕ್ಕಿಂತ ಮೊದಲು ಹೇಳುವುದು. ವಾಲ್ಯೂಮ್ ವಿಷಯದಲ್ಲಿ ಬ್ಯಾಂಡ್‌ನೊಳಗೆ ಮನಸ್ತಾಪ ಬರುವುದೇ ಒಬ್ಬ ಇನ್ನೊಬ್ಬನಿಗೆ ಕಡಿಮೆ ಮಾಡು ಅಂದಾಗ. ಇಲ್ಲಿ ಯಾರೂ ಯಾರಿಗೂ ಹೇಳಬೇಕಾಗಿಲ್ಲ.

ಎಷ್ಟು ವಾಟ್‌ನ ಆಂಪ್ ತಗೋಬೇಕು ಅಂತ ಹುಡುಗರು ಜಾಸ್ತಿ ಕೇಳುತ್ತಾರೆ. 50 ವಾಟ್‌ನಿಂದ 100 ವಾಟ್‌ಗೆ ಹೋದರೆ ಸದ್ದು ಎರಡು ಪಟ್ಟು ಆಗುವುದಿಲ್ಲ. ಸಿಗುವುದು ಬರೀ 3 ಡೆಸಿಬಲ್, ಗಮನ ಕೊಟ್ಟು ಕೇಳಿದರೆ ಗೊತ್ತಾಗುವಷ್ಟು. ಕಿವಿಗೆ ಎರಡು ಪಟ್ಟು ಅನ್ನಿಸಬೇಕಾದರೆ ಸುಮಾರು 10 ಡೆಸಿಬಲ್ ಬೇಕು, ಅಂದರೆ ವಾಟ್ ಹತ್ತು ಪಟ್ಟಾಗಬೇಕು. ಇದನ್ನೇ ತಿರುಗಿಸಿ ನೋಡಿ, 100 ವಾಟ್ ಮಾರ್ಷಲ್ ಆಂಪ್‌ಗಿಂತ 10 ವಾಟ್‌ನ ಆಂಪ್ ನಿಮ್ಮ ಕಿವಿಗೆ ಅರ್ಧದಷ್ಟು ಸದ್ದು ಮಾಡುತ್ತದೆ, ಹತ್ತನೇ ಒಂದು ಭಾಗ ಅಲ್ಲ. ಫೆಂಡರ್ ಡಿಲಕ್ಸ್ ರಿವರ್ಬ್ ಇರುವುದು 22 ವಾಟ್. ಎಷ್ಟೋ ಪಬ್‌ಗಳಿಗೆ ಅದೇ ಜಾಸ್ತಿ.

ಹಾಗಾದರೆ 100 ವಾಟ್ ಯಾಕೆ ಹುಟ್ಟಿತು? ಆ ಕಾಲದ ಪಿಎ ಅಷ್ಟು ಬಡವಾಗಿತ್ತು, ಅದಕ್ಕೆ. 1965ರಲ್ಲಿ ದಿ ಹೂ ಬ್ಯಾಂಡ್‌ನ ಪೀಟ್ ಟೌನ್‌ಶೆಂಡ್ ಲಂಡನ್ನಿನ ಆಂಪ್ ತಯಾರಕ ಜಿಮ್ ಮಾರ್ಷಲ್ ಹತ್ತಿರ ಹೋಗಿ ಇನ್ನೂ ದೊಡ್ಡದು ಬೇಕು ಅಂದರು. ಮೊದಲು ಎಂಟು ಸ್ಪೀಕರ್‌ನ ಒಂದೇ ಕ್ಯಾಬಿನೆಟ್ ಆಯಿತು. ಅದನ್ನು ಹೊರುವವರು ಯಾರು? ಆಮೇಲೆ ನಾಲ್ಕು ನಾಲ್ಕು ಸ್ಪೀಕರ್‌ನ ಎರಡು ಕ್ಯಾಬಿನೆಟ್ ಮಾಡಿ ಒಂದರ ಮೇಲೊಂದು ಇಟ್ಟರು. ನಾವು ಪೋಸ್ಟರ್‌ಗಳಲ್ಲಿ ನೋಡುತ್ತ ಬೆಳೆದ ಆ ಮಾರ್ಷಲ್ ಸ್ಟ್ಯಾಕ್ ಬಂದದ್ದು ಹೀಗೆ. ಅದೇ 1965ರ ಆಗಸ್ಟ್ 15ರಂದು ಬೀಟಲ್ಸ್ ನ್ಯೂಯಾರ್ಕ್‌ನ ಶೇ ಸ್ಟೇಡಿಯಂನಲ್ಲಿ 55,000ಕ್ಕೂ ಹೆಚ್ಚು ಜನರ ಮುಂದೆ ನುಡಿಸಿದರು. 100 ವಾಟ್‌ನ ವಾಕ್ಸ್ ಆಂಪ್‌ಗಳು, ಹಾಡಿಗೆ ಸ್ಟೇಡಿಯಂನದೇ ಸ್ಪೀಕರ್‌ಗಳು, ಸ್ಟೇಜ್ ಮೇಲೆ ನುಡಿಸುವವರಿಗೆ ಅವರದೇ ಸದ್ದು ಕೇಳಿಸುವ ಮಾನಿಟರ್ ಸ್ಪೀಕರ್ ಅನ್ನುವುದೇ ಇಲ್ಲ. ಜನರ ಕಿರುಚಾಟದಲ್ಲಿ ಅವರಿಗೆ ಅವರದೇ ಹಾಡು ಸರಿಯಾಗಿ ಕೇಳಿಸಲಿಲ್ಲ. ಆಗ ಗಿಟಾರ್ ಆಂಪೇ ಇಡೀ ಜಾಗಕ್ಕೆ ಸದ್ದು ಕೊಡಬೇಕಿತ್ತು. ಈಗ ಮೂವತ್ತು ಟೇಬಲ್‌ನ ಪಬ್‌ನಲ್ಲೂ ಆ ಕೆಲಸ ಪಿಎ ಮಾಡುತ್ತದೆ. ಆಂಪ್ ಸ್ಟೇಜ್ ಮೇಲಿರುವವರಿಗೆ ಕೇಳಿಸಿದರೆ ಸಾಕು, ಉಳಿದದ್ದನ್ನು ಮೈಕ್ ನೋಡಿಕೊಳ್ಳುತ್ತದೆ.

ಆಂಪ್ ಎಷ್ಟು ಜೋರಾಗಿರಬೇಕು ಅಂತ ತೀರ್ಮಾನ ಮಾಡುವುದು ಡ್ರಮ್ಮರ್. ಡ್ರಮ್ಸ್‌ಗೆ ವಾಲ್ಯೂಮ್ ನಾಬ್ ಇಲ್ಲ, ಹಾಗಾಗಿ ಸ್ಟೇಜ್‌ನ ಸದ್ದು ಯಾವಾಗಲೂ ಅಲ್ಲಿಂದಲೇ ಶುರುವಾಗುತ್ತದೆ. ಸೌಂಡ್‌ಚೆಕ್‌ನಲ್ಲಿ ಒಬ್ಬನೇ ನುಡಿಸಿ ವಾಲ್ಯೂಮ್ ಸೆಟ್ ಮಾಡಬೇಡಿ. ಡ್ರಮ್ಮರ್ ತನ್ನ ನಿಜವಾದ ಜೋರಿನಲ್ಲಿ ಗ್ರೂವ್ ಹೊಡೆಯಲಿ, ನೀವು ಶೂನ್ಯದಿಂದ ಏರಿಸುತ್ತ ಬನ್ನಿ, ಸ್ನೇರ್ (ಚಟ್ ಅನ್ನುವ ಡ್ರಮ್) ಏಟುಗಳ ನಡುವೆ ನಿಮ್ಮ ರಿದಮ್ ಸ್ಪಷ್ಟವಾಗಿ ಕೇಳಿಸಿತು ಅನ್ನುವಾಗ ನಿಲ್ಲಿಸಿ. ಸ್ನೇರನ್ನು ಮುಚ್ಚುವಷ್ಟು ಬೇಡ. ಚಿಕ್ಕ ಜಾಗ ಅಂದಾಗ ರಾಡ್ಸ್‌ನಲ್ಲಿ (ತೆಳು ಕಡ್ಡಿಗಳ ಕಟ್ಟು) ನುಡಿಸುವ, ಇಲ್ಲ ಸಿಂಬಲ್ಸ್ ಮೇಲೆ ಕೈ ಹಗುರ ಮಾಡುವ ಡ್ರಮ್ಮರ್ ಸಿಕ್ಕಿದ್ದರೆ ಅವನನ್ನು ಬಿಡಬೇಡಿ, ಇಡೀ ಬ್ಯಾಂಡ್ ಚೆನ್ನಾಗಿ ಕೇಳಿಸುವುದು ಅವನಿಂದಲೇ.

ಇನ್ನು ಟೋನ್ ವಿಷಯ. ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಕೂತು ಸೆಟ್ ಮಾಡಿದ ಟೋನ್ ಸ್ಟೇಜ್ ಮೇಲೆ ಕೆಲಸಕ್ಕೆ ಬರುವುದಿಲ್ಲ. ಇದಕ್ಕೆ ಎರಡು ಕಾರಣ. ಒಂದು ನಮ್ಮ ಕಿವಿಯದು. ಬೆಲ್ ಲ್ಯಾಬ್ಸ್‌ನ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದರು, ಸದ್ದು ಕಡಿಮೆ ಇದ್ದಾಗ ಕಿವಿಗೆ ಬಾಸ್ ಸರಿಯಾಗಿ ಕೇಳಿಸುವುದಿಲ್ಲ, ತೀರ ಮೇಲಿನ ಸ್ವರಗಳೂ ಸ್ವಲ್ಪ ಮಂಕಾಗುತ್ತವೆ, ನಡುವಿನದು ಮಾತ್ರ ಚೆನ್ನಾಗಿ ಕೇಳಿಸುತ್ತದೆ ಅಂತ. ಹಾಗಾಗಿ ಮೆಲ್ಲಗೆ ನುಡಿಸುವಾಗ ನಾವು ಬಾಸ್ ಏರಿಸುತ್ತೇವೆ, ಟ್ರೆಬಲ್ ಏರಿಸುತ್ತೇವೆ, ಮಿಡ್ ಇಳಿಸುತ್ತೇವೆ. ಒಬ್ಬರೇ ಕೇಳುವಾಗ ಅದು ಬಲು ಚೆಂದ. ಅದೇ ಸೆಟ್ಟಿಂಗನ್ನು ಸ್ಟೇಜ್ ವಾಲ್ಯೂಮ್‌ನಲ್ಲಿ ಹಾಕಿದರೆ ಕೆಳಗೆ ಕೆಸರು, ಮೇಲೆ ಗಾಜಿನ ಚೂರು.

ಎರಡನೇದು ಬ್ಯಾಂಡ್‌ನದು. ಗಿಟಾರ್‌ನ ಅತಿ ಕೆಳಗಿನ ತಂತಿ ಸುಮಾರು 82 ಹರ್ಟ್ಸ್, ಬಾಸ್ ಗಿಟಾರ್‌ನದು 41. ಅಂದರೆ ನೀವು ಆಂಪ್‌ನಲ್ಲಿ ಏರಿಸಿದ ಬಾಸ್ ಎಲ್ಲ ಕಿಕ್ ಡ್ರಮ್ ಮತ್ತು ಬಾಸ್ ಗಿಟಾರ್ ಇರುವ ಜಾಗದಲ್ಲೇ ಹೋಗಿ ಕೂರುತ್ತದೆ. ಏರಿಸಿದ ಟ್ರೆಬಲ್ ಸಿಂಬಲ್ಸ್ ಜೊತೆ ಗುದ್ದಾಡುತ್ತದೆ. ನಿಮಗೆ ಅಂತ ಖಾಲಿ ಇದ್ದದ್ದು ನಡುವಿನ ಜಾಗ, ಅದನ್ನೇ ನೀವು ಇಳಿಸಿಟ್ಟಿದ್ದೀರಿ. ಆಮೇಲೆ ಗಿಟಾರ್ ಮುಂದೆ ಬರ್ತಿಲ್ಲ ಅಂತ ವಾಲ್ಯೂಮ್ ಏರಿಸಿದರೆ ಕೆಸರು ಜಾಸ್ತಿ ಆಗುತ್ತದೆ ಅಷ್ಟೇ. ವಾಲ್ಯೂಮ್ ಮುಟ್ಟಬೇಡಿ, ಮಿಡ್ ಏರಿಸಿ. ಟ್ಯೂಬ್ ಸ್ಕ್ರೀಮರ್ ಪೆಡಲ್ ಇಷ್ಟು ವರ್ಷವಾದರೂ ಎಲ್ಲರ ಪೆಡಲ್‌ಬೋರ್ಡ್‌ನಲ್ಲಿ ಇರುವುದಕ್ಕೆ ಇದೂ ಒಂದು ಕಾರಣ. ಅದು ಬಾಸ್ ಕತ್ತರಿಸುತ್ತದೆ, 700 ಹರ್ಟ್ಸ್ ಆಸುಪಾಸಿನಲ್ಲಿ ಉಬ್ಬಿಸುತ್ತದೆ. ಮನೆಯಲ್ಲಿ ಕೇಳಿದರೆ ಮೂಗಿನಲ್ಲಿ ಮಾತಾಡಿದ ಹಾಗಿರುತ್ತದೆ, ಬ್ಯಾಂಡ್ ಜೊತೆ ಸೇರಿದ ತಕ್ಷಣ ಪ್ರತಿ ಸ್ವರವೂ ಬಿಡಿಸಿಟ್ಟ ಹಾಗೆ ಕೇಳಿಸುತ್ತದೆ.

ಗೇನ್, ಅಂದರೆ ಡಿಸ್ಟಾರ್ಶನ್‌ನ ಪ್ರಮಾಣ, ಅದೂ ಅಷ್ಟೇ. ಜೋರಾಗಿ ನುಡಿಸುವಾಗ ಮನೆಯಲ್ಲಿ ಬೇಕಾದಷ್ಟು ಗೇನ್ ಬೇಕಾಗುವುದಿಲ್ಲ. ಗೇನ್ ಹೆಚ್ಚಾದರೆ ಸ್ವರದ ಮೊದಲ ಪೆಟ್ಟು ಚಪ್ಪಟೆಯಾಗುತ್ತದೆ, ಸ್ನೇರ್ ಜೊತೆ ಕೂಡುವ ಆ ಚಟ್ ಅನ್ನುವ ಭಾಗವೇ ಹೋಗಿಬಿಡುತ್ತದೆ. ಸ್ವಲ್ಪ ಇಳಿಸಿ, ಕೈಯಲ್ಲಿ ಜೋರಾಗಿ ಹೊಡೆಯಿರಿ. ಎರಡು ಗಿಟಾರ್ ಇರುವ ಬ್ಯಾಂಡ್‌ಗಳಲ್ಲಂತೂ ಇಬ್ಬರೂ ಗೇನ್ ಕಡಿಮೆ ಮಾಡಿದಾಗ ಬರುವ ಸದ್ದು ಇಬ್ಬರೂ ಹೆಚ್ಚಿಟ್ಟಾಗಿನದಕ್ಕಿಂತ ಭಾರವಾಗಿರುತ್ತದೆ.

ಕನ್ನಡ ಸಿನಿಮಾ ಹಾಡು ನುಡಿಸುವ ಬ್ಯಾಂಡ್‌ಗಳಿಗೆ ಒಂದು ಮಾತು ಬೇರೆಯಾಗಿ ಹೇಳಬೇಕು. ಅಲ್ಲಿ ಕೀಬೋರ್ಡ್ ಇರುತ್ತದೆ. ಕೀಬೋರ್ಡ್‌ನವರು ಸ್ಟ್ರಿಂಗ್ಸ್ ಪ್ಯಾಡ್ (ಪಿಟೀಲುಗಳ ಗುಂಪಿನಂತೆ ಎಳೆಯುವ ಸದ್ದು) ಹಿಡಿದು ಎರಡೂ ಕೈ ಇಟ್ಟರೆ ಮೇಲಿಂದ ಕೆಳಗಿನವರೆಗೆ ಎಲ್ಲ ಜಾಗವೂ ತುಂಬಿತು. ಇದನ್ನು ಆಂಪ್‌ನ ಯಾವ ನಾಬೂ ಸರಿ ಮಾಡುವುದಿಲ್ಲ. ಪ್ರಾಕ್ಟೀಸ್‌ನಲ್ಲೇ ಕೂತು ಮಾತಾಡಬೇಕು, "ಅಣ್ಣಾ, ಈ ಚರಣದಲ್ಲಿ ಎಡಗೈ ಬಿಡಿ, ನಾನು ಕೆಳಗಡೆ ಕಾರ್ಡ್ ಹಿಡೀತೀನಿ, ಪಲ್ಲವಿಗೆ ಬಂದಾಗ ನೀವು ಹಿಡೀರಿ, ನಾನು ಮೇಲೆ ಹೋಗ್ತೀನಿ" ಅಂತ. ಸ್ಟೇಜ್‌ನಲ್ಲಿ ವಾಲ್ಯೂಮ್ ಸಮಸ್ಯೆ ಅಂತ ಕಾಣುವುದರಲ್ಲಿ ಎಷ್ಟೋ ಪಾಲು ನಿಜವಾಗಿ ಅರೇಂಜ್‌ಮೆಂಟ್ ಸಮಸ್ಯೆ. ಇಬ್ಬರು ಒಂದೇ ಸಪ್ತಕದಲ್ಲಿ ಒಂದೇ ರಿದಮ್ ನುಡಿಸುತ್ತಿದ್ದರೆ ಒಬ್ಬರು ಮುಚ್ಚಿಹೋಗಲೇಬೇಕು.

ಬಾಡಿಗೆ ಬ್ಯಾಕ್‌ಲೈನ್‌ನಲ್ಲಿ (ಸ್ಟೇಜ್‌ಗೆ ತರಿಸುವ ಆಂಪ್, ಡ್ರಮ್ಸ್) ಆಂಪ್ ಯಾವುದು ಬರುತ್ತದೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ಆದರೆ ರೋಲಂಡ್ ಜೆಸಿ 120 ಮಾತ್ರ ಮತ್ತೆ ಮತ್ತೆ ಎದುರಾಗುತ್ತದೆ. 1975ರಿಂದ ಬರುತ್ತಿರುವ ಆಂಪ್ ಅದು, ವಾಲ್ವ್ ಇಲ್ಲ, 60 ವಾಟ್‌ನ ಎರಡು ಪವರ್ ಆಂಪ್, 12 ಇಂಚಿನ ಎರಡು ಸ್ಪೀಕರ್. ಕೆಡುವುದು ಕಡಿಮೆ, ಅದಕ್ಕೇ ಬಾಡಿಗೆಯವರಿಗೆ ಪ್ರೀತಿ. ಅದರ ಕ್ಲೀನ್ ಸದ್ದು ಜಗತ್ತಿಗೇ ಗೊತ್ತು, ಆದರೆ ಕಡಕ್. ವಾಲ್ವ್ ಆಂಪ್‌ಗೆ ಅಂತ ಸೆಟ್ ಮಾಡಿದ ಡಿಸ್ಟಾರ್ಶನ್ ಪೆಡಲನ್ನು ಸೀದಾ ಇದಕ್ಕೆ ಚುಚ್ಚಿದರೆ ಜೇನುಹುಳ ಎದ್ದಂತೆ ಆಗುತ್ತದೆ. ನಾನು ಮಾಡುವುದಿಷ್ಟು, ಬ್ರೈಟ್ ಸ್ವಿಚ್ ಆಫ್, ಟ್ರೆಬಲ್ ನಡುವಿಗಿಂತ ಕೆಳಗೆ, ಮಿಡ್ ನಡುವಿಗಿಂತ ಸಾಕಷ್ಟು ಮೇಲೆ, ಅದರದೇ ಡಿಸ್ಟಾರ್ಶನ್ ನಾಬ್ ಮುಟ್ಟುವುದೇ ಇಲ್ಲ, ಪೆಡಲ್‌ನ ಟೋನ್ ನಾಬನ್ನು ಮನೆಯಲ್ಲಿ ಇರುವುದಕ್ಕಿಂತ ಇಳಿಸುತ್ತೇನೆ. ಆಮೇಲೆ ವಾಲಿಸುತ್ತೇನೆ. ಎರಡು ಸ್ಪೀಕರ್ ಇರುವುದರಿಂದ ಇದರಲ್ಲಿ ಆ ನೇರ ಸದ್ದಿನ ಕಾಟ ಇನ್ನೂ ಜಾಸ್ತಿ, ವಾಲಿಸದೆ ನುಡಿಸಿದರೆ ಮುಂದಿನವರಿಗೆ ಹಿಂಸೆ.

ಲೀಡ್, ಅಂದರೆ ಗಿಟಾರ್ ಒಂಟಿಯಾಗಿ ಮುಂದೆ ಬರುವ ಭಾಗ, ಬಂದಾಗ ಏನು ಮಾಡುವುದು? ಬೂಸ್ಟ್ ಪೆಡಲನ್ನು ಡಿಸ್ಟಾರ್ಶನ್‌ಗೆ ಮೊದಲು ಇಟ್ಟರೆ ವಾಲ್ಯೂಮ್ ಏರುವುದಿಲ್ಲ, ಗೇನ್ ಏರುತ್ತದೆ, ಸ್ವರ ಇನ್ನಷ್ಟು ಚಪ್ಪಟೆಯಾಗಿ ಲೀಡ್ ಹಿಂದೆಯೇ ಉಳಿಯುತ್ತದೆ. ಡಿಸ್ಟಾರ್ಶನ್ ಆದ ಮೇಲೆ, ಅಥವಾ ಆಂಪ್‌ನಲ್ಲೇ ಡಿಸ್ಟಾರ್ಶನ್ ಮಾಡುತ್ತಿದ್ದರೆ ಎಫೆಕ್ಟ್ಸ್ ಲೂಪ್‌ನಲ್ಲಿ (ಡಿಸ್ಟಾರ್ಶನ್ ಆದ ಮೇಲೆ ಪೆಡಲ್ ಸೇರಿಸಲು ಆಂಪ್‌ನಲ್ಲಿರುವ ಜಾಗ) ಇಟ್ಟರೆ ನಿಜವಾಗಿ ಜೋರಾಗುತ್ತದೆ. 4-5 ಡೆಸಿಬಲ್ ಏರಿದರೆ ಸಾಕು, ಅದರ ಜೊತೆ ಮಿಡ್ ಸ್ವಲ್ಪ ಏರಿಸುವ ಇಕ್ಯೂ ಪೆಡಲ್ ಆದರೆ ಇನ್ನೂ ಚೆನ್ನ. ಸೌಂಡ್‌ಚೆಕ್‌ನಲ್ಲಿ ಇದನ್ನೂ ನುಡಿಸಿ ತೋರಿಸಿ. ಬರೀ ರಿದಮ್ ತೋರಿಸಿ ಇಳಿದುಹೋದರೆ ಮೊದಲ ಲೀಡ್‌ನಲ್ಲಿ ಎಂಜಿನಿಯರ್ ಗಾಬರಿಯಾಗಿ ಮಿಕ್ಸರ್‌ನ ಫೇಡರ್ ಕೆಳಗೆಳೆಯುತ್ತಾರೆ, ಅವರ ತಪ್ಪಲ್ಲ ಅದು.

ಎಂಜಿನಿಯರ್ ಜೊತೆ ಸ್ನೇಹ ಇರಲಿ. ಸ್ಟೇಜ್‌ನಿಂದ ಬರುವ ಗಿಟಾರೇ ಇಡೀ ಪಬ್‌ಗೆ ಕೇಳುವಷ್ಟು ಜೋರಾಗಿದ್ದರೆ ಅವರು ಪಿಎನಲ್ಲಿ ಗಿಟಾರ್ ತೆಗೆದೇಬಿಡುತ್ತಾರೆ, ಬೇರೆ ದಾರಿ ಇಲ್ಲ. ಆಗ ಆಂಪ್‌ನ ನೇರಕ್ಕೆ ಕೂತವರಿಗೆ ಬರೀ ಗಿಟಾರ್, ಬಾರ್ ಹತ್ತಿರ ನಿಂತವರಿಗೆ ಗಿಟಾರೇ ಇಲ್ಲ. ನೀವು ಕಡಿಮೆ ಮಾಡಿದಾಗಲೇ ಎಲ್ಲರಿಗೂ ನಿಮ್ಮ ಗಿಟಾರ್ ತಲುಪುವುದು. ಮೈಕ್ ಸಾಮಾನ್ಯವಾಗಿ ಶೂರ್ ಎಸ್‌ಎಂ 57 ಇರುತ್ತದೆ, 1965ರಿಂದ ಬದಲಾಗದ ಕೆಲಸಗಾರ. ಅದು ಸ್ಪೀಕರ್‌ನ ನಟ್ಟನಡುವೆ ನೋಡುತ್ತಿದ್ದರೆ ಸದ್ದು ತೀರ ಚೂಪು. ನಡುವಿನ ಗುಂಡಗಿನ ಡಸ್ಟ್ ಕ್ಯಾಪ್ ಮುಗಿದು ಕೋನ್ ಶುರುವಾಗುವ ಅಂಚಿಗೆ ಸರಿಸಿದರೆ ಮೈ ಬರುತ್ತದೆ. ಒಂದು ಇಂಚು ಆಚೀಚೆಗೂ ವ್ಯತ್ಯಾಸ ಕೇಳಿಸುತ್ತದೆ. ಸ್ಪೀಕರ್ ಬಟ್ಟೆಯ ಹಿಂದೆ ಕ್ಯಾಪ್ ಎಲ್ಲಿದೆ ಅಂತ ಮೊಬೈಲ್ ಟಾರ್ಚ್ ಹಾಕಿ ನೋಡಿ, ಬೇಕಾದರೆ ಬಿಳಿ ಟೇಪ್‌ನ ಚೂರು ಅಂಟಿಸಿಡಿ. ಕತ್ತಲಲ್ಲಿ ಮೈಕ್ ಇಡುವವರಿಗೆ ದೊಡ್ಡ ಉಪಕಾರ.

ಸೌಂಡ್‌ಚೆಕ್‌ನಲ್ಲಿ ಸರಿ ಇದ್ದದ್ದು ಮೂರನೇ ಹಾಡಿನ ಹೊತ್ತಿಗೆ ಏರಿರುತ್ತದೆ. ಡ್ರಮ್ಮರ್‌ಗೆ ಹುರುಪು ಬಂತು, ಬಾಸ್‌ನವನು ಚೂರು ಏರಿಸಿದ, ನೀವು ಚೂರು, ಹಾಡುವವರು ಮಾನಿಟರ್ ಕೇಳಿದರು, ವೆಡ್ಜ್ (ನೆಲದ ಮೇಲಿನ ಮಾನಿಟರ್) ಕೂಗತೊಡಗಿತು. ಜೊತೆಗೆ ಕಿವಿಯೂ ದಣಿದು ಮಂದವಾಗುತ್ತದೆ, ಆಗ ಸದ್ದು ಸಾಲದು ಅನ್ನಿಸುವುದು ಸಹಜ. ಮಾಸ್ಟರ್ ನಾಬ್ ಪಕ್ಕ ಟೇಪ್ ಹಾಕಿ ಗುರುತು ಮಾಡಿ, ಆ ಗುರುತು ದಾಟುವುದಿಲ್ಲ ಅಂತ ಬ್ಯಾಂಡ್‌ನಲ್ಲಿ ಎಲ್ಲರೂ ಒಪ್ಪಿಕೊಳ್ಳಿ. ಕೇಳಿಸದಿದ್ದರೆ ಮೊದಲು ಬೇರೆಯವರು ಇಳಿಸಲಿ. ಮತ್ತೆ, ದಯವಿಟ್ಟು ಇಯರ್‌ಪ್ಲಗ್ ಹಾಕಿ. ಅಮೆರಿಕದ ಕೆಲಸಗಾರರ ಆರೋಗ್ಯ ಸಂಸ್ಥೆ ನಿಯೋಶ್ ಕೊಡುವ ಲೆಕ್ಕದಲ್ಲಿ 85 ಡೆಸಿಬಲ್‌ಗೆ ದಿನಕ್ಕೆ 8 ಗಂಟೆ ಮಿತಿ, ಪ್ರತಿ 3 ಡೆಸಿಬಲ್‌ಗೆ ಅದು ಅರ್ಧವಾಗುತ್ತದೆ, 100 ಡೆಸಿಬಲ್‌ಗೆ ಬಂದಾಗ ಉಳಿಯುವುದು 15 ನಿಮಿಷ. ಚಿಕ್ಕ ಸ್ಟೇಜ್‌ನಲ್ಲಿ ಸಿಂಬಲ್ ಪಕ್ಕ ನಿಂತವರು ಆ 15 ನಿಮಿಷವನ್ನು ಮೊದಲ ನಾಲ್ಕು ಹಾಡಿನಲ್ಲೇ ಮುಗಿಸಿರುತ್ತಾರೆ. ಕಿವಿಯಲ್ಲಿ ಒಮ್ಮೆ ಶುರುವಾದ ಕುಂಯ್ ಅನ್ನುವ ಸದ್ದು ಕೆಲವರಿಗೆ ಮತ್ತೆ ಹೋಗುವುದೇ ಇಲ್ಲ. ಪಬ್‌ನಲ್ಲಿ ನುಡಿಸುವ ಇಪ್ಪತ್ತರ ಹುಡುಗರು ಇದನ್ನು ಕೇಳಿ ನಕ್ಕಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ಆಂಪೇ ಬೇಡ ಅನ್ನುವವರೂ ಇದ್ದಾರೆ. ಆಂಪ್‌ನ ಸದ್ದನ್ನು ಡಿಜಿಟಲ್ ಆಗಿ ಅನುಕರಿಸುವ ಮಾಡೆಲರ್‌ನಿಂದ ಸೀದಾ ಮಿಕ್ಸರ್‌ಗೆ, ಕಿವಿಗೆ ಇನ್-ಇಯರ್ ಮಾನಿಟರ್. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿದ ಹೆವಿ ಮೆಟಲ್ ಬ್ಯಾಂಡ್ ಮೆಟಾಲಿಕಾ, ಎರಡು ವರ್ಷ ಕಳೆದು 2013ರ ಡಿಸೆಂಬರ್‌ನಲ್ಲಿ ಅಂಟಾರ್ಕ್ಟಿಕಾದಲ್ಲಿ ನುಡಿಸಿತು. ಅಲ್ಲಿನ ಪರಿಸರಕ್ಕೆ ತೊಂದರೆ ಆಗಬಾರದು ಅಂತ ಹೊರಗೆ ಸ್ಪೀಕರ್ ಇರಲಿಲ್ಲ, ಕೇಳುವವರೆಲ್ಲ ಹೆಡ್‌ಫೋನ್ ಹಾಕಿಕೊಂಡಿದ್ದರು. ಅಂಥ ಬ್ಯಾಂಡೇ ಸದ್ದಿಲ್ಲದ ಸ್ಟೇಜ್‌ನಲ್ಲಿ ನುಡಿಸಬಲ್ಲದು ಅಂದಮೇಲೆ ನಮಗೇನು ಕಷ್ಟ? ಮಾನಿಟರ್ ವ್ಯವಸ್ಥೆ ಚೆನ್ನಾಗಿರುವ ಜಾಗದಲ್ಲಿ ನಾನೂ ಮಾಡೆಲರ್ ಒಯ್ಯುತ್ತೇನೆ. ಆದರೆ ಒಂದೇ ವೆಡ್ಜನ್ನು ಮೂವರು ಹಂಚಿಕೊಳ್ಳುವ ಕಡೆ ಮಾಡೆಲರ್ ನಂಬಿ ಹೋದರೆ ನಿಮ್ಮ ಗಿಟಾರ್ ನಿಮಗೇ ಕೇಳಿಸುವುದಿಲ್ಲ. ಅಲ್ಲಿ ಕಿವಿಗೆ ವಾಲಿಸಿದ ಒಂದು ಚಿಕ್ಕ ಆಂಪ್‌ನಷ್ಟು ನೆಮ್ಮದಿ ಇನ್ಯಾವುದರಲ್ಲೂ ಇಲ್ಲ.

ಗಣೇಶನ ಪೆಂಡಾಲ್, ರಾಜ್ಯೋತ್ಸವದಂಥ ಬಯಲು ಸ್ಟೇಜ್‌ಗಳಲ್ಲಿ ಲೆಕ್ಕ ಬೇರೆ. ಗೋಡೆ ಇಲ್ಲ, ಸದ್ದು ತಿರುಗಿ ಬರುವುದಿಲ್ಲ, ದೂರ ಎರಡು ಪಟ್ಟಾದಂತೆಲ್ಲ 6 ಡೆಸಿಬಲ್ ಇಳಿಯುತ್ತದೆ. ಆಂಪ್‌ನಿಂದ ನಾಲ್ಕು ಹೆಜ್ಜೆ ಮುಂದೆ ಬಂದರೆ ಗಿಟಾರ್ ಕಾಣೆ. ಏರಿಸಬೇಡಿ, ಆಂಪನ್ನೇ ಹತ್ತಿರ ಎಳೆದುಕೊಳ್ಳಿ, ವೆಡ್ಜ್‌ನಲ್ಲಿ ಗಿಟಾರ್ ಕೇಳಿ. "ಅಣ್ಣಾ, ನನ್ನ ವೆಡ್ಜ್‌ಗೆ ಗಿಟಾರ್ ಸ್ವಲ್ಪ, ಹಾಡು ಜಾಸ್ತಿ, ಕಿಕ್ ಬೇಡ" ಅಂತ ಬಿಡಿಸಿ ಹೇಳಿ, ಸುಮ್ನೆ "ಮಾನಿಟರ್ ಏರಿಸಿ" ಅಂದರೆ ಅವರಿಗೆ ಏನೂ ಗೊತ್ತಾಗುವುದಿಲ್ಲ. ಬಯಲಲ್ಲಿ ರಾತ್ರಿ 10ರ ಗಡಿಯೂ ನೆನಪಿರಲಿ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ 10ರಿಂದ ಬೆಳಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಇಲ್ಲ, ಹಬ್ಬಗಳಿಗೆ ಅಂತ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿವರೆಗೆ ಬಿಡಬಹುದು. ಭಾಷಣಗಳು ಮುಗಿದು ಬ್ಯಾಂಡ್ ಹತ್ತುವಾಗಲೇ ಒಂಬತ್ತಾಗಿರುತ್ತದೆ, ಸೌಂಡ್‌ಚೆಕ್‌ಗೆ ಸಮಯವೇ ಸಿಗುವುದಿಲ್ಲ. ಅಂಥ ದಿನಕ್ಕೆ ಅಂತ ಪೆಡಲ್, ಆಂಪ್ ಸೆಟ್ಟಿಂಗ್ ಎರಡನ್ನೂ ಫೋನ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಹತ್ತಿದ ಕೂಡಲೇ ನಾಬ್‌ಗಳನ್ನು ಅಲ್ಲಿಗೆ ತಂದು, ಆಂಪ್ ವಾಲಿಸಿ, ಮೊದಲ ಹಾಡು ನಿಮಗೆ ಲೀಡ್ ಇಲ್ಲದ್ದನ್ನೇ ಇಟ್ಟುಕೊಳ್ಳಿ. ಎಂಜಿನಿಯರ್‌ಗೆ ಮಿಕ್ಸ್ ಸರಿ ಮಾಡಲು ಆ ನಾಲ್ಕು ನಿಮಿಷ ಸಿಗುತ್ತದೆ.